ದನಿಯಿಲ್ಲದ ಎಂಟು ತಿಂಗಳಲ್ಲಿ ನನ್ನ ಪರವಾಗಿ ನಿಂತವರಿಗೆ

ಕಳೆದ ಸೋಮವಾರ ಹಾವೇರಿಯ ಸತ್ರ ನ್ಯಾಯಾಲಯದಲ್ಲಿ ಒಬ್ಬ ಪಂಚನಾಮೆ ಸಾಕ್ಷಿಯ ಪಾಟೀಸವಾಲನ್ನು ಇಪ್ಪತ್ತು ನಿಮಿಷ ನಡೆಸಿದೆ. ಇಪ್ಪತ್ನಾಲ್ಕು ವರ್ಷಗಳಿಂದ ಕ್ರಿಮಿನಲ್ ಪ್ರಕರಣಗಳನ್ನೂ ಪಂಚಾಯಿತಿ, ಪುರಸಭೆಗಳ ವ್ಯಾಜ್ಯಗಳನ್ನೂ ನಡೆಸುತ್ತಿರುವವನಿಗೆ ಇದು ಹೇಳಿಕೊಳ್ಳುವಂಥ ಸಂಗತಿಯಲ್ಲ. ಆದರೆ 2024ರ ಜೂನ್‌ನಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಎಂಟು ತಿಂಗಳು ಕೋರ್ಟಿನ ಮೆಟ್ಟಿಲು ಹತ್ತದಿದ್ದ ನನಗೆ, ಸಾಕ್ಷಿ ಕಟಕಟೆಯಿಂದ 'ಕೇಳಿಸಲಿಲ್ಲ, ಸ್ವಲ್ಪ ಜೋರಾಗಿ ಹೇಳ್ರಿ' ಎಂದಾಗ ಜೋರಾಗಿ ಹೇಳಲು ಸಾಧ್ಯವಾದದ್ದೇ ದೊಡ್ಡ ಸಮಾಧಾನ.

ಚಿಕಿತ್ಸೆ ನೀಡಿದ ವೈದ್ಯರಿಗೂ, ಮಗುವಿಗೆ ಕಲಿಸುವಂತೆ ಸ್ವರಗಳನ್ನು ಮತ್ತೆ ಕಲಿಸಿದ ವಾಕ್‌ ಚಿಕಿತ್ಸಕಿಗೂ, ನನ್ನ ಮನೆಯವರಿಗೂ ಮೊದಲ ನಮಸ್ಕಾರ.

ಆಸ್ಪತ್ರೆಗೆ ಹೋಗುವ ಮುನ್ನ, ಬೇರೆ ವಕೀಲರನ್ನು ನೇಮಿಸಿಕೊಳ್ಳಬೇಕೆನ್ನುವ ಕಕ್ಷಿದಾರರಿಗೆ ತೊಂದರೆಯಾಗಬಾರದೆಂದು ಹನ್ನೆರಡು ನಿರಾಕ್ಷೇಪಣಾ ಪತ್ರಗಳಿಗೆ ಸಹಿ ಮಾಡಿ ಗುಮಾಸ್ತರ ಕೈಯಲ್ಲಿಟ್ಟಿದ್ದೆ. ಅವುಗಳಲ್ಲಿ ಹನ್ನೊಂದು ಇನ್ನೂ ಕಪಾಟಿನಲ್ಲೇ ಇವೆ. ಒಯ್ದ ಒಬ್ಬರ ಮೇಲೂ ನನಗೆ ಬೇಸರವಿಲ್ಲ. ಅವರ ಮಗ ಜೈಲಿನಲ್ಲಿದ್ದ.

ನನ್ನ ಕಿರಿಯ ಸಹೋದ್ಯೋಗಿಯ ಬಗ್ಗೆ ತುಸು ವಿವರವಾಗಿ ಹೇಳಬೇಕು. ಸೆಪ್ಟೆಂಬರ್‌ನಲ್ಲಿ ಒಬ್ಬ ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ವಿರುದ್ಧ ಅವಿಶ್ವಾಸ ಗೊತ್ತುವಳಿಯ ನೋಟಿಸು ಹೊರಟಿತು. ಇಂಥ ಸಭೆಗೆ ಉಪವಿಭಾಗಾಧಿಕಾರಿಗಳು ಸದಸ್ಯರಿಗೆ ಕನಿಷ್ಠ 15 ಪೂರ್ಣ ದಿನಗಳ ನೋಟಿಸು ಕೊಡಬೇಕೆಂದು ಕರ್ನಾಟಕ ಪಂಚಾಯತ್ ರಾಜ್‌ನ 1994ರ ಅವಿಶ್ವಾಸ ಗೊತ್ತುವಳಿ ನಿಯಮಗಳು ಹೇಳುತ್ತವೆ. ನೋಟಿಸು ಕೊಟ್ಟದ್ದು 2ನೇ ತಾರೀಖು, ಸಭೆ 17ಕ್ಕೆ. ಹದಿನೇಳರಲ್ಲಿ ಎರಡು ಕಳೆದರೆ ಹದಿನೈದು, ಸರಿಯಾಗಿಯೇ ಇದೆ ಎಂದು ಹಾಸಿಗೆಯ ಮೇಲಿಂದ ನಾನೇ ಚೀಟಿ ಬರೆದು ಕಳುಹಿಸಿದ್ದೆ. ಆಕೆ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲ್ ಇಟ್ಟು, ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ಎಣಿಸಿ, 'ಸರ್, ಹದಿನಾಲ್ಕೇ ಬರ್ತಾವು' ಎಂದು ಫೋನಿನಲ್ಲಿ ಹೇಳಿದರು. ಒಬ್ಬರೇ ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಹೋಗಿ ರಿಟ್ ಅರ್ಜಿ ಸಲ್ಲಿಸಿ ಸಭೆಗೆ ತಡೆ ತಂದರು. (ಆ ಪೀಠ ಆರಂಭವಾದ 2008ಕ್ಕೆ ಮೊದಲಾಗಿದ್ದರೆ ಇದೇ ಕೆಲಸಕ್ಕೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕಾಗುತ್ತಿತ್ತು.) ಮುಂದೆ ನಿಯಮದಂತೆ ಸಭೆ ಕರೆದಾಗ ಅಧ್ಯಕ್ಷೆ ಸೋತರು, ಆ ಮಾತು ಬೇರೆ. ತಪ್ಪಾಗಿ ಎಣಿಸಿದ್ದ ನನ್ನ ಚೀಟಿಯನ್ನು ಆಕೆ ಇಂದಿಗೂ ಯಾರಿಗೂ ತೋರಿಸಿಲ್ಲವೆಂಬುದಕ್ಕೆ ಪ್ರತ್ಯೇಕ ಧನ್ಯವಾದ.

ವಕೀಲರ ಸಂಘದ ಇನ್ನೊಬ್ಬ ಮಿತ್ರರು, ಬಂಧನದಲ್ಲಿದ್ದ ನನ್ನ ಕಕ್ಷಿದಾರನೊಬ್ಬನ 90 ದಿನಗಳ ಲೆಕ್ಕವನ್ನು ತಮ್ಮ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದರು. ಅವಧಿ ಮುಗಿದ ಮರುದಿನ ಕೋರ್ಟಿನ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿದ್ದು, ದೋಷಾರೋಪಣ ಪಟ್ಟಿ ಬರುವ ಮುನ್ನವೇ ಜಾಮೀನು ಅರ್ಜಿ ಸಲ್ಲಿಸಿದರು. ಅಂಥ ಪ್ರಕರಣದಲ್ಲಿ ಅಷ್ಟು ದಿನಗಳೊಳಗೆ ಪಟ್ಟಿ ಬಾರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಅರ್ಧ ದಿನ ತಡವಾಗಿದ್ದರೆ ಆ ಹಕ್ಕೇ ಕೈತಪ್ಪುವ ಸಾಧ್ಯತೆಯಿತ್ತು. ಶುಲ್ಕದ ಮಾತೆತ್ತಿದಾಗ ಒಂದು ಕಪ್ ಚಹಾ ತರಿಸಿಕೊಂಡರು, ಅಷ್ಟೆ.

ಎದುರು ಪಕ್ಷದ ಒಬ್ಬ ಹಿರಿಯ ವಕೀಲರನ್ನೂ ಇಲ್ಲಿ ನೆನೆಯಲೇಬೇಕು. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಗೆ ಸಂಬಂಧಿಸಿದ ತಕರಾರು ಅರ್ಜಿಯಲ್ಲಿ ಅವರು ಸೋತ ಅಭ್ಯರ್ಥಿಯ ಪರ, ನಾನು ಗೆದ್ದವರ ಪರ. ಐದು ವರ್ಷಗಳ ಅವಧಿ ಕರಗುತ್ತಿರುವಾಗ ವಿಚಾರಣೆ ಮುಂದಕ್ಕೆ ಹೋದ ಪ್ರತಿ ಮುದ್ದತ್ತೂ ಅವರಿಗೇ ನಷ್ಟ. ಹಾಗಿದ್ದೂ ತಮ್ಮ ಕಕ್ಷಿದಾರರನ್ನು ಒಪ್ಪಿಸಿ, ನನ್ನ ಪಾಟೀಸವಾಲಿಗಾಗಿ ಎರಡು ಸಲ ತಾವೇ ಸಮಯ ಕೇಳಿದರಂತೆ.

ನಾನು ಮಲಗಿದ್ದಾಗಲೇ, 2024ರ ಜುಲೈ 1ರಂದು, ಹೊಸ ದಂಡ ಕಾನೂನುಗಳು ಜಾರಿಗೆ ಬಂದವು. ಮರಳಿದ ಮೊದಲ ವಾರ ಕಚೇರಿಯಲ್ಲಿ '482 ಹಾಕೋಣ' ಎಂದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಉಚ್ಚ ನ್ಯಾಯಾಲಯದ ಅಂತರ್ಗತ ಅಧಿಕಾರದ್ದಾಗಿದ್ದ ಆ ಕಲಂ ಹೊಸ ಸಂಹಿತೆಯಲ್ಲಿ 528, ಈಗ 482 ಎಂದರೆ ಬಂಧನಕ್ಕೆ ಮೊದಲೇ ಕೇಳುವ ನಿರೀಕ್ಷಣಾ ಜಾಮೀನು ಎಂದು ಗುಮಾಸ್ತರು ಮೆಲ್ಲಗೆ ತಿದ್ದಿದರು. ಈಗ ನನ್ನ ಮೇಜಿನ ಗಾಜಿನ ಕೆಳಗೆ ಹಳೆ-ಹೊಸ ಕಲಂಗಳ ಪಟ್ಟಿಯಿದೆ, ಅವರದೇ ದುಂಡು ಅಕ್ಷರದಲ್ಲಿ. ಬುಧವಾರ ಧಾರವಾಡದಲ್ಲಿ ಮುದ್ದತ್ತು ಇದೆ. ಈ ಸಲ ನಾನೇ ಹೋಗುತ್ತಿದ್ದೇನೆ, ಆ ಪಟ್ಟಿಯ ಒಂದು ಪ್ರತಿಯನ್ನೂ ಬಿಸಿನೀರಿನ ಫ್ಲಾಸ್ಕನ್ನೂ ಅವರು ಆಗಲೇ ಚೀಲಕ್ಕೆ ಹಾಕಿಟ್ಟಿದ್ದಾರೆ.