ಗೆಲ್ಲಿಸಿದವರೇ ಬೈಯಬೇಕು

ದಾವಣಗೆರೆ
23 ನವೆಂಬರ್ 2025

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಆರಾಮಾಗಿದ್ದೇವೆ. ಚಳಿ ಶುರುವಾಗಿ ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಜಾಸ್ತಿಯಾಗಿದೆ, ಅಷ್ಟೇ. ಫೋನಿನಲ್ಲಿ ಈ ವಿಷಯ ಎತ್ತಿದರೆ ನೀನು ಅರ್ಧಕ್ಕೇ ರೇಗುತ್ತೀಯ, ನನಗೂ ಹೇಳಬೇಕಾದ್ದು ಮರೆತುಹೋಗುತ್ತದೆ. ಅದಕ್ಕೇ ಕಾಗದ.

"ಎರಡು ಪಕ್ಷವೂ ಒಂದೇ ದೊಡ್ಡಪ್ಪ, ಇನ್ಮೇಲೆ ನನಗೆ ಈ ಉಸಾಬರಿ ಬೇಡ, 2028ಕ್ಕೆ ನೋಟಾ ಒತ್ತಿ ಬರುತ್ತೇನೆ" ಅಂತ ಬರೆದಿದ್ದೀಯ. 2023ರ ಬೇಸಿಗೆಯಲ್ಲಿ ಸಂವಿಧಾನ ಉಳಿಸಿ ಅಂತ ಕರಪತ್ರ ಹಿಡಿದು ಗಲ್ಲಿ ಗಲ್ಲಿ ತಿರುಗಿದವಳು ನೀನು. ನಿನಗೆ ಸಿಟ್ಟು ಬರದೆ ಇನ್ಯಾರಿಗೆ ಬರಬೇಕು? ಮೊನ್ನೆ 20ಕ್ಕೆ ಈ ಕಾಂಗ್ರೆಸ್ ಸರ್ಕಾರಕ್ಕೆ ಎರಡೂವರೆ ವರ್ಷ ತುಂಬಿತು. ಕೊಟ್ಟ ಮಾತಿನಲ್ಲಿ ಎಷ್ಟು ನಡೆಸಿದರು ಅಂತ ಕೇಳುವವರೇ ಇಲ್ಲ. ಟಿವಿ ಹಾಕಿದರೆ ಕುರ್ಚಿ ಸಿದ್ದರಾಮಯ್ಯನವರಿಗೋ ಶಿವಕುಮಾರರಿಗೋ, ಯಾವ ಶಾಸಕರು ದಿಲ್ಲಿಗೆ ಹೋದರು, ಇದೇ ಸುದ್ದಿ. ಬಿಜೆಪಿಯವರ ಬಾಯಲ್ಲೂ ಅದೇ ಕುರ್ಚಿಯ ಮಾತು.

ಸಿಟ್ಟು ಸರಿ. ಆದರೆ "ಎರಡೂ ಒಂದೇ" ಅನ್ನೋದನ್ನು ನಾನು ಒಪ್ಪೋದಿಲ್ಲ. 2022ರ ಫೆಬ್ರವರಿ ನೆನಪಿಸಿಕೋ, ಆಗ ಬಿಜೆಪಿ ಸರ್ಕಾರ. ಹಿಜಾಬ್ ಗಲಾಟೆಯಲ್ಲಿ ಹರಿಹರದ ಕಾಲೇಜಿನ ಮುಂದೆ ಕಲ್ಲು ತೂರಿದರು, ನಮ್ಮೂರಲ್ಲೂ ನಿಷೇಧಾಜ್ಞೆ ಬಂತು. ಪರೀಕ್ಷೆ ಹತ್ತಿರವಿದ್ದ ಹುಡುಗಿಯರು ಗೇಟಿನ ಹೊರಗೆ ನಿಂತರು. ಮರುವರ್ಷ ಮಾರ್ಚ್‌ನಲ್ಲಿ, ಚುನಾವಣೆ ಘೋಷಣೆಗೆ ಇನ್ನೇನು ಕೆಲವೇ ದಿನ ಇದ್ದಾಗ, ಮುಸ್ಲಿಮರ 2ಬಿ ಮೀಸಲಾತಿಯ ಶೇ 4 ಕಿತ್ತು ಲಿಂಗಾಯತರಿಗೂ ಒಕ್ಕಲಿಗರಿಗೂ ಶೇ 2ರಂತೆ ಹಂಚುವ ತೀರ್ಮಾನ ಮಾಡಿದರು. ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಅದು ನಿಂತಿತು. ನಮ್ಮೂರ ಮಂಡಕ್ಕಿ ಭಟ್ಟಿಗಳ ಕಡೆ ಒಮ್ಮೆ ಹೋಗಿ ನೋಡು. ಬಿರುಬೇಸಿಗೆಯಲ್ಲೂ ಬೆಂಕಿಯ ಮುಂದೆ ನಿಂತು, ಕಾದ ಮರಳಿನಲ್ಲಿ ಅಕ್ಕಿ ಹುರಿದು, ಜರಡಿ ಹಿಡಿಯುವವರು. ಮೈಮೇಲೆ ಬನಿಯನ್ ಕೂಡ ನಿಲ್ಲುವುದಿಲ್ಲ. ಅವರ ಮಕ್ಕಳಿಗೆ ಆ ಶೇ 4 ಅಂದರೆ ಕಾಲೇಜಿನ ಸೀಟು. ನಿನಗೂ ನನಗೂ ಎರಡೂ ಒಂದೇ ಅನ್ನಿಸಬಹುದು. ಯಾರು ಬಂದರೂ ನಾವು ಕಳೆದುಕೊಳ್ಳೋದು ಕಮ್ಮಿ, ಅಲ್ವಾ?

ಹಾಗಂತ ಕಾಂಗ್ರೆಸ್ಸಿನವರ ವಕಾಲತ್ತು ವಹಿಸೋಕೆ ನಾನು ಕೂತಿಲ್ಲ. ಹಿಜಾಬ್ ನಿಷೇಧದ ಆದೇಶ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ 2023ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಗಳು ವೇದಿಕೆ ಮೇಲೆ ಹೇಳಿದರು. ಮಾರನೇ ದಿನವೇ ಅದು "ಯೋಚಿಸುತ್ತಿದ್ದೇವೆ" ಅಂತಾಯಿತು. ದಲಿತರ ಉಪಯೋಜನೆಗೆ, ಅಂದರೆ ಬಜೆಟ್ಟಿನಲ್ಲಿ ಅವರಿಗೆ ಅಂತಲೇ ಎತ್ತಿಡುವ ಹಣಕ್ಕೆ, 2013ರಲ್ಲಿ ಕಾಯ್ದೆ ತಂದವರು ಇದೇ ಸಿದ್ದರಾಮಯ್ಯನವರು. ಅದರ ಹಣದಲ್ಲೇ 2023-24ರಲ್ಲಿ 11 ಸಾವಿರ ಕೋಟಿಗೂ ಜಾಸ್ತಿ ಗ್ಯಾರಂಟಿಗಳಿಗೆ ಹೋಯಿತು. ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಅನ್ನೋದು ಅವರ ಸಮಜಾಯಿಷಿ. ಇಡೀ ರಾಜ್ಯಕ್ಕೆ ಕೊಡೋದನ್ನು ದಲಿತರಿಗೆ ಕೊಡುವಾಗ ಮಾತ್ರ ದಲಿತರ ಗಂಟಿನಿಂದಲೇ ತೆಗೆದುಕೊಡುವುದು ಯಾವ ಊರಿನ ನ್ಯಾಯ?

ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವರೊಳಗೇ ಪಾಲು ಮಾಡುವ ಒಳಮೀಸಲಾತಿಯ ಕಥೆ ಇನ್ನೂ ಉದ್ದ. ಸದಾಶಿವ ಆಯೋಗ ಮಾಡಿದ್ದು 2005ರಲ್ಲಿ, ವರದಿ ಬಂದಿದ್ದು 2012ರಲ್ಲಿ. ಆಮೇಲೆ ಬಂದ ಒಂದೊಂದು ಸರ್ಕಾರವೂ ಅದರ ಮೇಲೆ ಕೂತಿತು. ಬಿಜೆಪಿಯವರಿಗೆ ಅದು ನೆನಪಾದದ್ದು 2023ರ ಚುನಾವಣೆ ಬಾಗಿಲಿಗೆ ಬಂದಾಗ. ಕಾಂಗ್ರೆಸ್ಸಿನವರು ಒಳಮೀಸಲಾತಿ ಕೊಡಬಹುದು ಅಂತ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೂ ಒಂದು ವರ್ಷ ತೆಗೆದುಕೊಂಡರು. ನಾಗಮೋಹನ ದಾಸ್ ಆಯೋಗ 59 ಅಲೆಮಾರಿ ಸಮುದಾಯಗಳಿಗೆ ಅಂತ ಶೇ 1 ಬೇರೆಯಾಗಿ ಎತ್ತಿಟ್ಟಿತ್ತು. ಈ ಆಗಸ್ಟಿನಲ್ಲಿ ಸಂಪುಟ ಅದನ್ನೂ ತೆಗೆದು, ಅವರನ್ನು ತಮಗಿಂತ ಎಷ್ಟೋ ಮುಂದಿರುವವರ ಗುಂಪಿಗೆ ಸೇರಿಸಿತು. ಮೂರು ಗುಂಪಿಗೆ ಶೇ ಆರು, ಆರು, ಐದು ಅಂತ ಹಂಚಿಕೆ ಮುಗೀತು. ಸುಡುಗಾಡು ಸಿದ್ಧರ, ದೊಂಬರ ಪರವಾಗಿ ಗಲಾಟೆ ಮಾಡೋಕೆ ಒಬ್ಬ ಶಾಸಕನೂ ಇಲ್ಲವಲ್ಲ.

2019ರಲ್ಲಿ ಚಿತ್ರದುರ್ಗದ ಸಂಸದರನ್ನೇ, ದಲಿತರು ಅಂತ, ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಳಗೆ ಬಿಡಲಿಲ್ಲ. ಅವರು ಬಿಜೆಪಿಯವರು, ಆಗ ಕೇಂದ್ರದಲ್ಲೂ ರಾಜ್ಯದಲ್ಲೂ ಅವರದೇ ಸರ್ಕಾರ. ಸಂಸದರಿಗೇ ಹೀಗಾದರೆ ಆ ಕಡೆಯ ಸಾಮಾನ್ಯ ದಲಿತನ ಗತಿ ಏನು ಅಂತ ಯಾವ ಪಕ್ಷದವರೂ ಹಟ್ಟಿ ಹಟ್ಟಿಗೆ ಹೋಗಿ ಕೇಳಲಿಲ್ಲ. ಎರಡು ಕಡೆಯವರಿಗೂ ಆ ಹಟ್ಟಿಗಳ ವೋಟು ಬೇಕು.

ನಮ್ಮ ದಾವಣಗೆರೆ ಬಗ್ಗೆ ಏನು ಹೇಳಲಿ. ಹತ್ತಿ ಮಿಲ್ಲುಗಳಿದ್ದ ಕಾಲದಲ್ಲಿ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ ಊರು ಇದು. ಮಿಲ್ಲು ಮುಚ್ಚಿದವು, ಯೂನಿಯನ್ನೂ ಹೋಯಿತು. 2024ರ ಲೋಕಸಭೆಗೆ ಒಂದು ಕಡೆ ಕಾಂಗ್ರೆಸ್ಸಿನ ಶಾಮನೂರು ಮನೆಯ ಸೊಸೆ, ಇನ್ನೊಂದು ಕಡೆ ಬಿಜೆಪಿಯ ಹಾಲಿ ಸಂಸದರ ಹೆಂಡತಿ. ಎದುರಾಳಿ ಹೆಣ್ಣುಮಗಳು ಅಡುಗೆ ಮಾಡೋಕಷ್ಟೇ ಲಾಯಕ್ಕು ಅನ್ನೋ ಅರ್ಥದ ಮಾತು ಬಂದದ್ದು ಕಾಂಗ್ರೆಸ್ಸಿನ ಹಿರಿಯರ ಬಾಯಿಂದ. ಆವತ್ತು ನೀನು ಫೋನಿನಲ್ಲಿ ಬೈದದ್ದು ನನಗೆ ನೆನಪಿದೆ. ಬೈದದ್ದು ಸರಿಯಾಗೇ ಇತ್ತು.

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನಗೆ ಮಾತು ಜಾಸ್ತಿ, ಸಹಿಸಿಕೋ. ಹೋದ ವಾರ ಜಗಳೂರು ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದಳು. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎಲೆಅಡಿಕೆ ಚೀಲದಲ್ಲಿ ಇಟ್ಟಿದ್ದಳು. ಕಂಡಕ್ಟರ್ ಮಷಿನ್ ಒತ್ತಿ ಸೊನ್ನೆ ಟಿಕೆಟ್ ಹರಿದುಕೊಟ್ಟ. ಅದನ್ನು ಮಡಚಿ ಅದೇ ಚೀಲಕ್ಕೆ ಹಾಕಿಕೊಂಡಳು. ಮಗಳ ಬಾಣಂತನಕ್ಕೆ ಹೋಗುತ್ತಿದ್ದಾಳಂತೆ. "ಮೊದ್ಲು ಮಗನ ಹತ್ರ ಬಸ್ ಚಾರ್ಜ್ ಕೇಳ್ಬೇಕಿತ್ತಪ್ಪ, ಈಗ ಕೇಳಲ್ಲ" ಅಂದಳು. ನಾನು ಸಾರಿಗೆ ಸಂಸ್ಥೆಯ ಸರ್ವಿಸಿನಲ್ಲಿದ್ದಾಗ ದುಡ್ಡು ಸಾಲದೆ ಅರ್ಧ ದಾರಿಗೆ ಟಿಕೆಟ್ ತೆಗೆದುಕೊಂಡು ಇಳಿದು ನಡೆಯುವ ಹೆಂಗಸರನ್ನು ಎಷ್ಟೋ ನೋಡಿದ್ದೇನೆ. ಆದ್ದರಿಂದ ಹೆಂಗಸರಿಗೆ ಉಚಿತ ಬಸ್ಸಿನ ಈ ಶಕ್ತಿ ಯೋಜನೆಯನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರನ್ನು ಕಂಡರೆ ನನಗೆ ಆಗೋದಿಲ್ಲ. (ಖಾಸಗಿ ಬಸ್ಸಷ್ಟೇ ಓಡುವ ದಾರಿಯ ಹೆಂಗಸರು ಇವತ್ತಿಗೂ ದುಡ್ಡು ಕೊಟ್ಟೇ ಹೋಗಬೇಕು. ಅದನ್ನು ಯಾರೂ ಮಾತಾಡೋದಿಲ್ಲ.)

ಆದರೆ ಆ ಟಿಕೆಟ್ ಹರಿದುಕೊಟ್ಟವನ ಕಥೆ ಕೇಳು. ಹೆಂಗಸರು ತುಂಬಿದ ಬಸ್ಸಿನಲ್ಲಿ ಒಂದು ಸೊನ್ನೆ ಟಿಕೆಟ್ ತಪ್ಪಿದರೂ ಚೆಕಿಂಗಿನವರಿಗೆ ಅವನೇ ಉತ್ತರ ಹೇಳಬೇಕು. 2021ರ ಏಪ್ರಿಲಿನಲ್ಲಿ ಸಾರಿಗೆ ನೌಕರರು ಮುಷ್ಕರ ಮಾಡಿದಾಗ ಬಿಜೆಪಿ ಸರ್ಕಾರ ವಜಾ, ವರ್ಗಾವಣೆ ಅಂತ ಅಟ್ಟಾಡಿಸಿತು. 2023ರ ಮಾರ್ಚಿನಿಂದ ಶೇ 15 ಸಂಬಳ ಏರಿಸಿತು, ಆದರೆ 2020ರ ಜನವರಿಯಿಂದ ಬರಬೇಕಿದ್ದ 38 ತಿಂಗಳ ಬಾಕಿ ಕೊಡಲಿಲ್ಲ. ಆಮೇಲೆ ಕಾಂಗ್ರೆಸ್ ಬಂತು. ಬಸ್ಸು ತುಂಬಿತು, ಈ ಜುಲೈನಲ್ಲಿ 500ನೇ ಕೋಟಿ ಉಚಿತ ಟಿಕೆಟನ್ನು ಮುಖ್ಯಮಂತ್ರಿಗಳೇ ಕೈಯಾರೆ ಕೊಟ್ಟರು, ಫೋಟೊ ಬಂತು. ಬಾಕಿ ಮಾತ್ರ ಬರಲಿಲ್ಲ. ಆಗಸ್ಟ್ 5ಕ್ಕೆ ಬಸ್ಸು ನಿಲ್ಲಿಸಿದರೆ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆ ತೋರಿಸಿದರು, ಹೈಕೋರ್ಟಿನಿಂದ ಮುಷ್ಕರಕ್ಕೆ ತಡೆ ಬಂತು. ನಾನು 2020ಕ್ಕೂ ಮುಂಚೆಯೇ ರಿಟೈರ್ ಆದವನು, ಆ ಬಾಕಿಯಲ್ಲಿ ನನ್ನದು ಒಂದು ಪೈಸೆಯೂ ಇಲ್ಲ. ಅಜ್ಜಿಯ ಟಿಕೆಟೂ ನಿಜ, ಕಂಡಕ್ಟರನ ಬಾಕಿಯೂ ನಿಜ. ಒಂದನ್ನು ಹೇಳಿದರೆ ಇನ್ನೊಂದನ್ನು ಮುಚ್ಚಿಡಬೇಕು ಅಂತ ನಿಮ್ಮ ಕಡೆಯ ಗೆಳೆಯರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ನನ್ನ ತಕರಾರು ಇರೋದು ಇಲ್ಲೇ, ಪುಟ್ಟಿ. ಪ್ರಗತಿಪರರು ಅನ್ನಿಸಿಕೊಂಡವರು ಬಿಜೆಪಿ ಸರ್ಕಾರ ಇದ್ದಾಗ ದಿನಾ ಬೀದಿಯಲ್ಲಿರುತ್ತಾರೆ. ಕಾಂಗ್ರೆಸ್ ಬಂದರೆ "ಈಗ ಮಾತಾಡಿದರೆ ಅವರಿಗೆ ಲಾಭ" ಅಂತ ಬಾಯಿ ಮುಚ್ಚಿಕೊಳ್ಳುತ್ತಾರೆ. ಕೆಲವರಿಗೆ ಅಕಾಡೆಮಿ, ನಿಗಮ ಸಿಗುತ್ತದೆ. ಉಳಿದವರು ಒಳಗೊಳಗೇ ಬೇಯುತ್ತಾರೆ. ಎರಡು ವರ್ಷ ಬೆಂದ ಮೇಲೆ ನಿನ್ನ ಹಾಗೆ "ಎರಡೂ ಒಂದೇ" ಅಂದು ಎದ್ದುಹೋಗುತ್ತಾರೆ. ನೀನು ಮೊದಲ ವರ್ಷವೇ ಜೋರಾಗಿ ಬೈದಿದ್ದರೆ ಇವತ್ತು ಇಷ್ಟು ಸುಸ್ತಾಗುತ್ತಿರಲಿಲ್ಲ. ವೋಟು ಹಾಕದವನ ಬೈಗುಳಕ್ಕೆ ಯಾವ ಮಂತ್ರಿಯೂ ಹೆದರೋದಿಲ್ಲ, ಅವನು ಹೇಗೂ ಬೈಯುವವನೇ. ಗೆಲ್ಲಿಸಿದವರು ಬೈದರೆ ಹೆದರುತ್ತಾರೆ.

ದೇವನಹಳ್ಳಿಯವರನ್ನು ನೋಡು. ನಿಮ್ಮ ಬೆಂಗಳೂರಿನ ಪಕ್ಕದಲ್ಲೇ ಆದದ್ದು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿ, 1,777 ಎಕರೆ. ಭೂಮಿ ಬಿಡಿ ಅಂತ ನೋಟಿಸ್ ಕೊಟ್ಟದ್ದು ಬಿಜೆಪಿ ಕಾಲದಲ್ಲಿ. ಸರ್ಕಾರ ಬದಲಾಯಿತು, ನೋಟಿಸ್ ಬದಲಾಗಲಿಲ್ಲ. ಅವರು ಸಾವಿರ ದಿನಕ್ಕೂ ಜಾಸ್ತಿ ಧರಣಿ ಕೂತರು. ಈ ವರ್ಷ ಜೂನ್ 25ರಂದು ಪೊಲೀಸರು ಅವರನ್ನು ಎತ್ತಿ ಗಾಡಿಗೆ ಹಾಕಿಕೊಂಡು ಹೋದರು. ಆವಾಗ ಜೊತೆಗೆ ನಿಂತ ಬರಹಗಾರರು, ರೈತ ಸಂಘದವರು, ದಲಿತ ಸಂಘಟನೆಯವರಲ್ಲಿ ಎಷ್ಟೋ ಮಂದಿ 2023ರಲ್ಲಿ ಬಿಜೆಪಿಯನ್ನು ಸೋಲಿಸಿ ಅಂತ ಊರೂರು ತಿರುಗಿದವರು. ಬಿಜೆಪಿಗೆ ಲಾಭ ಆದೀತು ಅಂತ ಅವರು ಹಿಂದೆ ಮುಂದೆ ನೋಡಲಿಲ್ಲ. ಜುಲೈ 15ಕ್ಕೆ ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟೆವು ಅಂದರು. ಇದು ಬಿಜೆಪಿ ಸರ್ಕಾರ ಇದ್ದಿದ್ದರೆ ಆಗುತ್ತಿತ್ತೇ? ನನಗೆ ಅನುಮಾನ. ಬಾಯಿ ಮುಚ್ಚಿಕೊಂಡಿದ್ದರೆ ಕಾಂಗ್ರೆಸ್ಸಿನಲ್ಲೂ ಆಗುತ್ತಿರಲಿಲ್ಲ, ಅದರಲ್ಲಿ ಅನುಮಾನವೇ ಇಲ್ಲ.

ಆದ್ದರಿಂದ ನೋಟಾ ಗೀಟಾ ಬಿಡು. ನೋಟಾಗೆ ಎಷ್ಟೇ ವೋಟು ಬೀಳಲಿ, ಅಭ್ಯರ್ಥಿಗಳಲ್ಲಿ ಮುಂದಿರುವವನೇ ಗೆಲ್ಲುತ್ತಾನೆ. ಆ ದಿನ ಯಾರಿಂದ ಬಡವರಿಗೆ, ಅಲ್ಪಸಂಖ್ಯಾತರಿಗೆ ಕಮ್ಮಿ ಪೆಟ್ಟು ಬೀಳುತ್ತದೋ ಅವರಿಗೆ ಹಾಕಿ ಬಾ. ಮನೆಗೆ ಬಂದ ಮೇಲೆ ನೀನು ಅವರ ಕಡೆಯವಳಲ್ಲ. ಎಲ್ಲದಕ್ಕೂ ಸ್ಟೇಟಸ್ ಹಾಕಿ ಸುಸ್ತಾಗಬೇಡ. ಒಂದೇ ವಿಷಯ ಹಿಡಿ, ಅದರ ಕಾಗದಪತ್ರ ಪೂರ್ತಿ ಓದು, ಯಾವ ಸರ್ಕಾರ ಬಂದರೂ ಬಿಡಬೇಡ. ನಿಮ್ಮಣ್ಣ ಬಿಜೆಪಿಗೆ ವೋಟು ಹಾಕುತ್ತಾನೆ ಅಂತ ಮಾತು ಬಿಟ್ಟಿದ್ದೀಯಂತೆ. ಬೇಡಮ್ಮ. ನಮ್ಮ ಡಿಪೋದ ಹುಡುಗರಲ್ಲೂ ಅರ್ಧ ಮಂದಿ ಮೋದಿ ಅನ್ನುವವರೇ, ಬಾಕಿ ಕೇಳುವಾಗ ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ಯೂನಿಯನ್ ಮುಖಂಡರು ಎರಡು ಬಣ ಮಾಡಿಕೊಂಡು ಹಾಳು ಮಾಡಿದ್ದು ಬೇರೆ ಕಥೆ.

ಯಾವ ವಿಷಯ ಹಿಡಿಯಲಿ ಅಂತ ಕೇಳುತ್ತೀಯ. ನಾನೇ ಒಂದು ಕೊಡುತ್ತೇನೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಗ ಬಿಜೆಪಿಯವರು ಕ್ಷೇತ್ರ ವಿಂಗಡಣೆಯನ್ನು ಚುನಾವಣಾ ಆಯೋಗದ ಕೈಯಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟು ಮುಂದೂಡಿದರು. ಕಾಂಗ್ರೆಸ್ಸಿನವರು ಬಂದು ಅದನ್ನೇ ಮುಂದುವರಿಸಿದರು. ಶಾಸಕರಿಗೆ ಹಾಯಾಗಿದೆ, ಎದುರು ಕೇಳುವವರಿಲ್ಲ. ಅದರಲ್ಲಿ ಅರ್ಧ ಸೀಟು ಹೆಂಗಸರದ್ದು, ನೆನಪಿರಲಿ. ಆಗ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಜೀರ್ ಸಾಬರು ಓಡಾಡಿ ಪಂಚಾಯಿತಿಗೆ ಅಧಿಕಾರ ತಂದುಕೊಟ್ಟ ರಾಜ್ಯ ಇದು. 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಮೊದಲ ಚುನಾವಣೆ ನಡೆದಾಗ ಹಳ್ಳಿಗಳಲ್ಲಿ ಹಬ್ಬದ ಹಾಗೆ ಇತ್ತು. ಈಗ ಜಿಲ್ಲಾ ಪಂಚಾಯಿತಿ ಅಂದರೆ ಅಧಿಕಾರಿಗಳ ಆಫೀಸು.

ನಾವು ರಿಟೈರ್ ಆದವರು ಒಂದಷ್ಟು ಜನ, ಹರಿಹರದ ಕಡೆಯ ಇಬ್ಬರು ಮೇಷ್ಟ್ರು ಸೇರಿಕೊಂಡು ಇದರ ಮೇಲೆ ಒಂದು ಅರ್ಜಿ ಬರೆಯುತ್ತಿದ್ದೇವೆ. ಆಡಳಿತ ಪಕ್ಷ, ವಿರೋಧ ಪಕ್ಷ ಇಬ್ಬರ ಜಿಲ್ಲಾಧ್ಯಕ್ಷರಿಗೂ ಒಂದೊಂದು ಪ್ರತಿ. 2021ರ ತಿದ್ದುಪಡಿ ಕಾಯ್ದೆ ನಮಗೆ ಪೂರ್ತಿ ಅರ್ಥವಾಗಿಲ್ಲ. ನೀನು ಅದನ್ನು ಓದಿ, ಎರಡು ಪುಟದಲ್ಲಿ ಕನ್ನಡದಲ್ಲಿ ಬರೆದು ಈ ತಿಂಗಳೊಳಗೆ ಕಳಿಸು. ವಾಟ್ಸಾಪಿನಲ್ಲಿ ಬೇಡ, ಅಕ್ಷರ ಸಣ್ಣದಾಗಿ ಕಾಣಿಸೋದಿಲ್ಲ, ಪ್ರಿಂಟ್ ತೆಗೆದು ಅಂಚೆಗೆ ಹಾಕು. ಅಪ್ಪ ಅಮ್ಮನಿಗೆ ಕೇಳಿದೆ ಅಂತ ಹೇಳು.

ಇಂತಿ ನಿನ್ನ
ದೊಡ್ಡಪ್ಪ