ಆರು ಪದದ ಶೀರ್ಷಿಕೆ ಇದ್ದರೆ ಕಳಿಸು ಗೆಳೆಯಾ

ಪ್ರೀತಿಯ ಗೆಳೆಯಾ,

ನೀನು ಅವತ್ತು ಸುಮ್ನೆ ಹೇಳಿ ಮರೆತುಬಿಟ್ಟೆಯೋ ಏನೋ, ಆ ಸವಾಲು ನನ್ನ ತಲೆ ತಿನ್ನುತ್ತಿದೆ. ವರ್ಷಕ್ಕೆ ಹತ್ತು ಪುಸ್ತಕ. ಮೊದಲನೆಯದರ ಹೆಸರಲ್ಲಿ ಒಂದೇ ಪದ, ಎರಡನೆಯದರಲ್ಲಿ ಎರಡು, ಹೀಗೆ ಹತ್ತರ ತನಕ. ಕೇಳಿದಾಗ ಮಕ್ಕಳಾಟ ಅನ್ನಿಸಿತ್ತು. ಈಗ ಐದು ಮುಗಿಸಿ ಆರರ ಹತ್ತಿರ ಕೈಕಟ್ಟಿ ಕೂತಿದ್ದೇನೆ.

ಒಂದು, ಎರಡಕ್ಕೆ ಏನೂ ಕಷ್ಟವಾಗಲಿಲ್ಲ. ಕಪಾಟಿಗೆ ಕಣ್ಣು ಮುಚ್ಚಿ ಕೈ ಹಾಕಿದರೂ ಅಂಥವೇ ಸಿಗುತ್ತವೆ. 'ಪರ್ವ', 'ಕರ್ವಾಲೊ', 'ಸಂಸ್ಕಾರ', 'ಬೆಟ್ಟದ ಜೀವ', 'ಹಸಿರು ಹೊನ್ನು'. ನಮ್ಮ ಲೇಖಕರಿಗೆ ಹೆಸರಿಡುವಾಗ ಯಾಕಿಷ್ಟು ಜಿಪುಣತನ ಅಂತ ಮೊದಲು ನಗು ಬಂತು. ಆಮೇಲೆ ನೋಡಿದರೆ ಅವರದೇನೂ ತಪ್ಪಿಲ್ಲ, ಕನ್ನಡವೇ ಹಾಗೆ. ಕುವೆಂಪು 1936ರಲ್ಲಿ ಬರೆದ 'ಕಾನೂರು ಹೆಗ್ಗಡಿತಿ' ಎರಡೇ ಪದ. ಇಂಗ್ಲಿಷಿಗೆ ಹೋಗಿ 'ದ ಹೌಸ್ ಆಫ್ ಕಾನೂರು' ಆದಾಗ ನಾಲ್ಕು. 1967ರ 'ಮಲೆಗಳಲ್ಲಿ ಮದುಮಗಳು' ಅಲ್ಲಿ 'ಬ್ರೈಡ್ ಇನ್ ದ ಹಿಲ್ಸ್', ಅದೂ ನಾಲ್ಕು. ನಮ್ಮ 'ಅಲ್ಲಿ' ಮಲೆಗಳ ಬೆನ್ನಿಗೇ ಅಂಟಿಕೊಂಡಿದೆ. ಅವರ 'ಇನ್', 'ದ' ಒಂದೊಂದೂ ಬೇರೆ ಕುರ್ಚಿ ಹಾಕಿಕೊಂಡು ಕೂತಿವೆ. ಇಂಗ್ಲಿಷ್ ಪುಸ್ತಕ ಓದುವವರಿಗೆ ನಿನ್ನ ಸವಾಲು ಅರ್ಧಕ್ಕರ್ಧ ಸಲೀಸು ಕಣೋ.

ಮೂರಕ್ಕೆ ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' ತೆಗೆದೆ. ಓದಿ ಮುಗಿಸಿ ಪಟ್ಟಿಯಲ್ಲಿ ಗೀಟು ಹಾಕುವಾಗ ಅನುಮಾನ ಶುರುವಾಯಿತು. 'ನೀನಾದೆ' ಅಂದರೆ ನೀನು, ಆದೆ. ಎರಡಲ್ವಾ? ಸಂಧಿ ಬಿಡಿಸಿದರೆ ಪುಸ್ತಕ ನಾಲ್ಕನೇ ಮೆಟ್ಟಿಲಿಗೆ ಹೋಗಿ ಕೂರುತ್ತದೆ, ಮೂರು ಖಾಲಿ. ಆದರೆ ಅದು ಗೋವಿನ ಹಾಡಿನ ಸಾಲು. ಹಾಡುವಾಗ ಒಂದೇ ಉಸಿರಲ್ಲಿ ಬರುವುದನ್ನು ಕತ್ತರಿಸಿ ಎಣಿಸಲು ನನಗಂತೂ ಮನಸ್ಸು ಬರಲಿಲ್ಲ. 'ಅಬಚೂರಿನ ಪೋಸ್ಟಾಫೀಸು' ನೋಡು. ಇಂಗ್ಲಿಷಿನ ಎರಡು ಪದ ನಮ್ಮ ಬಾಯಿಗೆ ಬಿದ್ದು, ಅವಕ್ಕೂ ಸಂಧಿಯಾಗಿ, ಒಂದೇ ಆಗಿವೆ. ಅದನ್ನು ಮತ್ತೆ ಬಿಡಿಸುವುದುಂಟೇ?

ಹಾಗಾಗಿ ನಾನೇ ಒಂದು ನಿಯಮ ಮಾಡಿಕೊಂಡೆ. ನಡುವೆ ಜಾಗ ಬಿಟ್ಟಿದ್ದರೆ ಮಾತ್ರ ಬೇರೆ ಪದ. ಅದೂ ಪೂರ್ತಿ ನಿಲ್ಲಲಿಲ್ಲ ಅನ್ನು. 'ಚೋಮನ ದುಡಿ'ಯನ್ನು ಕೆಲವರು ಬಿಡಿಸಿ ಬರೆಯುತ್ತಾರೆ, ಕೆಲವರು ಕೂಡಿಸಿ. ಮುಖಪುಟದಲ್ಲಿ ಒಂದರ ಕೆಳಗೆ ಒಂದು ಬರೆದುಬಿಟ್ಟರಂತೂ ಜಾಗ ಇದೆಯೋ ಇಲ್ಲವೋ ದೇವರೇ ಬಲ್ಲ. ಪುಸ್ತಕದ ಬೆನ್ನು ನೋಡೋಣ ಅಂದರೆ ಅಕ್ಷರ ಸವೆದು ಬರೀ ಒತ್ತು ಉಳಿದಿರುತ್ತದೆ. ಈಗ ಒಳಗಿನ ಶೀರ್ಷಿಕೆ ಪುಟವೇ ಸುಪ್ರೀಂ ಕೋರ್ಟು.

ನಾಲ್ಕರ ವಿಷಯಕ್ಕೆ ಒಂದು ತಪ್ಪೊಪ್ಪಿಗೆ ಇದೆ. ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ನೀನೇ ಕೊಟ್ಟಿದ್ದು. ಓದಿದೆ, ಬಹಳ ಚೆನ್ನಾಗಿದೆ ಅಂತ ಆಗಲೇ ಹೇಳಿದ್ದೆನಲ್ಲ, ಸುಳ್ಳು. ನಾಲ್ಕು ಪದದ್ದು ಬೇಕಾಗಿ ಹುಡುಕಿ ತೆಗೆದಾಗ ಹನ್ನೆರಡನೇ ಪುಟದಲ್ಲಿ ಒಂದು ಬಸ್ ಟಿಕೆಟು ಸಿಕ್ಕಿತು. ಅಚ್ಚೆಲ್ಲ ಅಳಿಸಿ ಬಿಳಿ ಚೀಟಿಯಾಗಿತ್ತು, ಹಾಳೆಯ ಮೇಲೆ ಅದರ ಅಳತೆಗೆ ಸರಿಯಾಗಿ ಒಂದು ಕಂದು ಗುರುತು. ಅಲ್ಲಿಗೇ ನಿಲ್ಲಿಸಿದ್ದೆ. ಈ ಸಲ ಟಿಕೆಟು ಪಕ್ಕಕ್ಕಿಟ್ಟು ಮೊದಲಿನಿಂದ ಓದಿದೆ. ನಾಟಕ, ಯಕ್ಷಗಾನ, ಮೂಕಿ ಸಿನಿಮಾ, ಮಕ್ಕಳ ಶಿಕ್ಷಣ, ಒಬ್ಬನೇ ಮನುಷ್ಯ ಎಷ್ಟಕ್ಕೆ ಕೈ ಹಾಕಿದ್ದಾರೆ ಮಾರಾಯ! ಪದ ಎಣಿಸುವ ಹುಚ್ಚು ಹತ್ತದಿದ್ದರೆ ಆ ಟಿಕೆಟು ಅಲ್ಲೇ ಇರುತ್ತಿತ್ತು.

ಐದಕ್ಕೆ ತೇಜಸ್ವಿಯವರ 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್'. ಇಲ್ಲಿ ನನ್ನನ್ನು ಕಾಪಾಡಿದ್ದು 'ಮತ್ತು'. ಮಾತಾಡುವಾಗ ನಾವ್ಯಾರೂ ಅದನ್ನು ಜಾಸ್ತಿ ಬಳಸುವುದಿಲ್ಲ, 'ನೀನೂ ನಾನೂ' ಅಂತ ಬಾಲ ಎಳೆದು ಮುಗಿಸುತ್ತೇವೆ. ಪುಸ್ತಕದ ಹೆಸರಲ್ಲಿ ಕಂಡಾಗ ಕೈಮುಗಿಯಬೇಕು ಅನ್ನಿಸಿತು.

ಆರಕ್ಕೆ ಉಪಶೀರ್ಷಿಕೆ ಸೇರಿಸಬಹುದಾ? ಸೇರಿಸಿದರೆ ಇನ್ನೊಂದು ತಲೆನೋವು. 'ರಾಬಿನ್ಸನ್ ಕ್ರೂಸೋ' ನಮಗೆಲ್ಲ ಎರಡು ಪದ. 1719ರ ಮೊದಲ ಮುದ್ರಣದ ಶೀರ್ಷಿಕೆ ಪುಟದಲ್ಲಿ ಅರವತ್ತಕ್ಕೂ ಜಾಸ್ತಿ ಪದಗಳಿವೆ. ಹಡಗು ಒಡೆದದ್ದು, ಇಪ್ಪತ್ತೆಂಟು ವರ್ಷ ಒಬ್ಬನೇ ಇದ್ದದ್ದು, ಕೊನೆಗೆ ಪಾರಾದದ್ದು, ಕಥೆಯೆಲ್ಲ ಅಲ್ಲೇ ಮುಗಿದಿದೆ. ಅಂಕಿಗಳದ್ದೂ ಹೇಳಿಬಿಡು. ಆರ್ವೆಲ್‌ನ '1984' ಅಂಕಿಯಲ್ಲಿ ಬರೆದರೆ ಒಂದು, ಕನ್ನಡದಲ್ಲಿ ಬಿಡಿಸಿ ಓದಿದರೆ ಸಾವಿರದ ಒಂಬೈನೂರ ಎಂಬತ್ತನಾಲ್ಕು, ಮೂರು.

ಉಪಶೀರ್ಷಿಕೆ ನಡೆಯಲ್ಲ ಅಂದರೆ ಆರರದ್ದನ್ನು ನೀನೇ ಹುಡುಕಿ ಕಳಿಸಬೇಕು. ತೆಳ್ಳಗಿದ್ದರೆ ಒಳ್ಳೆಯದು, ಇನ್ನೂ ನಾಲ್ಕು ಬಾಕಿ ಇವೆ. ಒಳಗೆ ಏನಾದರೂ ಬರೆದು ಕೊಡು. ಈ ಸಲ ಓದಿಯೇ ಹೇಳುತ್ತೇನೆ.

ನಿನ್ನ,
ಐದನೇ ಮೆಟ್ಟಿಲಲ್ಲಿ ಕೂತವನು