ಎಂಜಿನ್ ಬಿಡಿ, ಹಿಂದಿನ ಪಾಟಾ ನೋಡಿ

ಮಾನ್ಯ ಸಂಪಾದಕರೇ,

ಮಣ್ಣಿನ ಮೈದಾನದಲ್ಲಿ ನಡೆದ ಕಾರ್ ರೇಸ್ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಫೋಟೊ ಭರ್ಜರಿಯಾಗಿತ್ತು. ಆದರೆ ವರದಿ ಪೂರ್ತಿ ಎರಡೇ ಮಾತು: ಗೆದ್ದ ಗಾಡಿಯ ಎಂಜಿನ್ ಜೋರಿತ್ತು, ಓಡಿಸಿದವನಿಗೆ ಗುಂಡಿಗೆ ಇತ್ತು. ಇಂಥದ್ದನ್ನು ಓದಿದ ಹುಡುಗರು ನಮ್ಮ ಗ್ಯಾರೇಜಿಗೆ ಬಂದು ಎಂಜಿನ್‌ ಪವರ್ ಏರಿಸಿಕೊಡಿ ಅಂತಾರೆ. ಇರುವ ಪವರನ್ನೇ ಮಣ್ಣಿಗೆ ಇಳಿಸೋಕೆ ಆಗ್ತಿಲ್ಲ, ಇನ್ನಷ್ಟು ತಂದು ಏನು ಮಾಡ್ತೀರಿ? ಚಕ್ರ ಸುಮ್ನೆ ನಿಂತಲ್ಲೇ ಗಿರಗಿರ ತಿರುಗಿ ಧೂಳು ಎಬ್ಬಿಸುತ್ತೆ, ಅಷ್ಟೇ.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಪಾಟಾ (ಉಕ್ಕಿನ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್), ಶಾಕ್ ಅಬ್ಸರ್ಬರ್ ಕೆಲಸ ಮಾಡುವವನು. ಲಾರಿ, ಟ್ರೇಲರ್ ಕೆಲಸ ಹೊಟ್ಟೆಪಾಡಿಗೆ. ರೇಸಿಗೆ ಇಳಿಯುವ ಮಾರುತಿ ಜಿಪ್ಸಿ ಗಾಡಿಗಳ ಕೆಲಸ ಹುಚ್ಚಿಗೆ. ಅದಕ್ಕೇ ಈ ಪತ್ರ.

ಈಗ ಹೊಸ ಚಾಳಿ ಒಂದು ಶುರುವಾಗಿದೆ. ಯೂಟ್ಯೂಬಿನಲ್ಲಿ ಅಮೆರಿಕದ ಡರ್ಟ್ ಟ್ರ್ಯಾಕ್ ಗಾಡಿಗಳನ್ನು ನೋಡಿ, ಅದೇ ಸೆಟ್ಟಿಂಗ್ ನಮ್ಮ ಗಾಡಿಗೂ ಬೇಕು ಅನ್ನೋದು. ಅಲ್ಲಿನ ಟ್ರ್ಯಾಕ್ ಮೊಟ್ಟೆಯಾಕಾರದ್ದು, ಗಾಡಿ ಬರೀ ಎಡಕ್ಕೇ ತಿರುಗುತ್ತದೆ. ಹಾಗಾಗಿ ಅವರು ಹಿಂದಿನ ಎಡಚಕ್ರದ ಮೇಲೆ ಬೇಕಂತಲೇ ಜಾಸ್ತಿ ತೂಕ ಬೀಳುವಂತೆ ಮಾಡುತ್ತಾರೆ. ಹಿಂದಿನ ಬಲ ಟೈರಿನ ಸುತ್ತಳತೆ ಎಡದ್ದಕ್ಕಿಂತ ದೊಡ್ಡದಿರುತ್ತದೆ, ಡಿಫರೆನ್ಷಿಯಲ್ (ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ಲಾಕ್ ಆಗಿರುತ್ತದೆ. ಲೇಟ್ ಮಾಡೆಲ್ ಅನ್ನುವ ಗಾಡಿಗಳಲ್ಲಂತೂ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದಿನ ಎಡಭಾಗ ಮೇಲೆದ್ದು, ಲಿಂಕ್ ರಾಡುಗಳ ಓರೆಯಿಂದಾಗಿ ಎಡಚಕ್ರ ಒಂಚೂರು ಮುಂದಕ್ಕೆ ಸರಿದು, ಹಿಂದಿನ ಹೌಸಿಂಗೇ (ಎರಡು ಚಕ್ರದ ನಡುವಿನ ಆಕ್ಸಲ್ ಕವಚ) ಗಾಡಿಯನ್ನು ತಿರುವಿಗೆ ತಿರುಗಿಸಿಕೊಡುತ್ತದೆ. ನೋಡೋಕೆ ಬಲು ಚೆಂದ, ಒಪ್ತೀನಿ. ಆದರೆ ನಮ್ಮ ಆಟೋಕ್ರಾಸ್, ಅಂದರೆ ಮಣ್ಣಿನ ಮೈದಾನದ ರೇಸಿನ ಟ್ರ್ಯಾಕ್ ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಎಡಚಕ್ರಕ್ಕೆ ತೂಕ ಹೇರಿದ ಗಾಡಿ ಎಡ ತಿರುವಿನಲ್ಲಿ ಬಿಗಿಯಾಗಿ ಹೋಗಿ, ಬಲ ತಿರುವಿನಲ್ಲಿ ಹಿಂದಿನಿಂದ ಜಾರಿ ಅಡ್ಡ ನಿಲ್ಲುತ್ತದೆ. ಆಗ ಡ್ರೈವರ್‌ಗೆ ಬೈಯ್ದು ಏನು ಪ್ರಯೋಜನ?

ಇನ್ನೊಂದು ಗುಂಪು ಇದೆ. ಹಾರಿದಾಗ ಗಾಡಿ ತಳ ಹೊಡೆಯಬಾರದು ಅಂತ ಹಿಂದಿನ ಪಾಟಾಕ್ಕೆ ಒಂದು ಎಲೆ ಜಾಸ್ತಿ ಹಾಕಿಸುತ್ತಾರೆ. ಹಿಂದಿನ ಚಕ್ರ ಎಳೆಯುವ ಗಾಡಿಗೆ ಇದು ಪೂರಾ ಉಲ್ಟಾ ಕೆಲಸ. ಟೈರಿನ ಗುಣ ಹೇಗಂದರೆ, ಮೇಲೆ ತೂಕ ಎರಡು ಪಟ್ಟು ಬಿದ್ದರೆ ಹಿಡಿತ ಎರಡು ಪಟ್ಟು ಆಗೋದಿಲ್ಲ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಹಾಗಾಗಿ ಒಂದೇ ಟೈರಿನ ಮೇಲೆ ರಾಶಿ ಹಾಕೋದಕ್ಕಿಂತ ಎರಡಕ್ಕೂ ಹಂಚಿದರೆ ಒಟ್ಟು ಹಿಡಿತ ಜಾಸ್ತಿ. ಹಿಂದೆ ಪಾಟಾ ಬಿಗಿಯಾದಷ್ಟೂ ತಿರುವಿನಲ್ಲಿ ಹಿಂದಿನ ಹೊರಚಕ್ರದ ಮೇಲೆ ತೂಕ ಬೀಳುತ್ತದೆ, ಒಳಚಕ್ರ ಹಗುರವಾಗುತ್ತದೆ. ಸಾದಾ ಡಿಫರೆನ್ಷಿಯಲ್ ಇದ್ದರೆ ಕಥೆ ಮುಗೀತು. ಹಗುರಾದ ಚಕ್ರ ಸುತ್ತುತ್ತಾ ಇರುತ್ತೆ, ಗಾಡಿ ಮುಂದೆ ಹೋಗಲ್ಲ. ಹಿಂದೆ ಮೆತ್ತಗೆ ಮಾಡಿ, ಮುಂದೆ ಸ್ವಲ್ಪ ಬಿಗಿ ಇಡಿ. ಆದರೆ ಮೆತ್ತಗೆ ಅಂದರೆ ತಳಕ್ಕೆ ಕೂರುವಷ್ಟಲ್ಲ. ಹೌಸಿಂಗ್ ಮೇಲಿನ ಬಂಪ್ ಸ್ಟಾಪಿಗೆ (ತಡೆಯುವ ರಬ್ಬರ್ ಗಟ್ಟೆ) ಬಡಿದ ಕ್ಷಣ ಸಸ್ಪೆನ್ಷನ್ ಇಲ್ಲದಂತೆಯೇ, ಹಿಡಿತ ತಟ್ಟನೆ ಹೋಗುತ್ತದೆ. ಶಾಕ್ ಅಬ್ಸರ್ಬರ್ ರಾಡಿಗೆ ಒಂದು ರಬ್ಬರ್ ರಿಂಗ್ ಬಿಗಿಯಾಗಿ ಏರಿಸಿ ಒಂದು ಸುತ್ತು ಹೊಡೆದು ಬನ್ನಿ. ರಿಂಗ್ ಎಲ್ಲಿಗೆ ಸರಿದು ನಿಂತಿದೆ ಅಂತ ನೋಡಿದರೆ ಎಷ್ಟು ಕೂತಿದೆ ಅಂತ ಗೊತ್ತಾಗುತ್ತದೆ. ಎರಡು ರೂಪಾಯಿ ಖರ್ಚಿನ ಕೆಲಸ.

ಮೆತ್ತಗಿನ ಪಾಟಾ ಹಾಕಿದರೆ ಹಿಂದಕ್ಕೆ ತೂಕ ಜಾಸ್ತಿ ಬರುತ್ತೆ ಅಂತ ಸುಮಾರು ಜನ ನಂಬಿದ್ದಾರೆ. ಹಾಗಲ್ಲ. ಆಕ್ಸಿಲರೇಟರ್ ಒತ್ತಿದಾಗ ಒಟ್ಟು ಎಷ್ಟು ತೂಕ ಹಿಂದೆ ಬರುತ್ತದೆ ಅನ್ನೋದು ಗಾಡಿಯ ತೂಕ ಎಷ್ಟು, ಅದು ಎಷ್ಟು ಎತ್ತರದಲ್ಲಿದೆ, ಮುಂದಿನ-ಹಿಂದಿನ ಚಕ್ರದ ನಡುವೆ ಎಷ್ಟು ಅಂತರ, ಎಷ್ಟು ಜೋರಾಗಿ ನುಗ್ಗಿತು ಅನ್ನೋದರ ಮೇಲೆ ನಿಂತಿದೆ. ಪಾಟಾದಿಂದ ಬದಲಾಗುವುದು ಆ ತೂಕ ಎಷ್ಟು ಬೇಗ ಬಂತು, ಎಡಬಲಕ್ಕೆ ಹೇಗೆ ಹಂಚಿತು ಅನ್ನೋದು ಮಾತ್ರ. ಹಾಗಂತ ಡಿಕ್ಕಿಯಲ್ಲಿ ಮರಳು ಚೀಲ ಇಟ್ಟು ಬರುವವರೂ ಇದ್ದಾರೆ! ಚಕ್ಕಡಿಗೆ ಹಿಂದೆ ಜಾಸ್ತಿ ಹೇರಿದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತಲ್ಲ, ಹಾಗೆ ಇಲ್ಲಿ ಸ್ಟೇರಿಂಗ್ ಹಗುರಾಗಿ ಗಾಡಿ ಹೇಳಿದ ಕಡೆ ತಿರುಗಲ್ಲ.

ಜಿಪ್ಸಿಯಂಥ ಪಾಟಾ ಗಾಡಿಗೆ ಇನ್ನೊಂದು ಕಾಯಿಲೆ ಇದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಹೌಸಿಂಗ್‌ನ ಮೂತಿ ಮೇಲೇಳುತ್ತದೆ, ಪಾಟಾ ಹಾವಿನಂತೆ ಬಾಗುತ್ತದೆ, ಮತ್ತೆ ಸಿಡಿದು ನೆಟ್ಟಗಾಗುತ್ತದೆ. ಆಗ ಹಿಂದಿನ ಚಕ್ರ ಟಪಟಪ ಕುಣಿಯುತ್ತದೆ. ಕುಣಿಯುವ ಚಕ್ರಕ್ಕೆ ಹಿಡಿತ ಎಲ್ಲಿಂದ? ಇದಕ್ಕೆ ಹಳೇ ಉಪಾಯ ಅಂದರೆ ಪಾಟಾದ ಮುಂದಿನ ಅರ್ಧಕ್ಕೆ ಕ್ಲಿಪ್ ಬಿಗಿಯಾಗಿ ಹಾಕಿ, ಶಾಕಲ್ (ಪಾಟಾದ ಹಿಂದಿನ ತುದಿ ತೂಗುವ ಕೊಂಡಿ) ಕಡೆಯ ಅರ್ಧವನ್ನು ಸಡಿಲ ಬಿಡೋದು. ಹೌಸಿಂಗ್ ತಿರುಚದಂತೆ ಹಿಡಿಯುವ ರಾಡ್ ಹಾಕಿದರೆ ಇನ್ನೂ ಒಳ್ಳೆಯದು. ಅದಕ್ಕೂ ಮೊದಲು ಪಾಟಾ ಬಿಚ್ಚಿ ತೊಳೆಯಿರಿ ಮಾರಾಯ್ರೆ. ಎಲೆಗಳ ನಡುವೆ ನಮ್ಮ ಎರೆಮಣ್ಣು ಮೆತ್ತಿ ಒಣಗಿ ಕೂತಿರುತ್ತದೆ, ಅಲ್ಲಾಡೋಕೇ ಬಿಡಲ್ಲ. ಬುಷ್ ಬೋಲ್ಟನ್ನು ಜಾಕ್ ಮೇಲೆ ಬಿಗಿ ಮಾಡಬೇಡಿ, ಗಾಡಿ ನೆಲಕ್ಕಿಳಿದು ನಿಂತ ಮೇಲೆ ಮಾಡಿ. ಗ್ಯಾಸ್ ಕಟರ್‌ನಿಂದ ಪಾಟಾ ಕಾಯಿಸಿ ಬಗ್ಗಿಸುವ ಕೆಲಸವಂತೂ ಬೇಡವೇ ಬೇಡ, ಅದರ ಹದ ಹೋಗಿ ಎಲ್ಲೋ ತಿರುವಿನಲ್ಲಿ ಕಟ್ಟಾಗುತ್ತದೆ. ಇನ್ನು, ಮೈದಾನಕ್ಕೆ ಮಾಡಿದ ಗಾಡಿಯನ್ನು ಹಾಗೇ ರಸ್ತೆಗೆ ಇಳಿಸಿದರೆ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಗಾಡಿಯ ಮೂಲ ರಚನೆ ಬದಲಿಸೋದಕ್ಕೆ ಕಡಿವಾಣ ಹಾಕುವ ಸೆಕ್ಷನ್ 52 ಇದೆ, ನೆನಪಿರಲಿ.

ಸ್ವಿಫ್ಟ್‌ನಂಥ ಮುಂದಿನ ಚಕ್ರ ಎಳೆಯುವ ಗಾಡಿಗಳಿಗೆ ಮೇಲಿನ ಲೆಕ್ಕ ತಿರುಗುಮುರುಗು, ಅಲ್ಲಿ ಹಿಂದೆ ಬಿಗಿ ಇದ್ದರೇ ಅನುಕೂಲ.

ಈಗ ರೇಸ್ ನಡೆಸುವವರಿಗೆ ಒಂದು ಮಾತು. ಬೆಳಿಗ್ಗೆ ಟ್ಯಾಂಕರ್‌ನಿಂದ ನೀರು ಹೊಡೆದಾಗ ಮಣ್ಣು ಹಸಿಯಿದ್ದು ಟೈರಿಗೆ ಕಚ್ಚುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಜಾಗದಲ್ಲಿ ಗಟ್ಟಿ ಗರಸಿನ ಮೇಲೆ ಬರೀ ಪುಡಿ. ಬೆಳಗಿನ ಸೆಟ್ಟಿಂಗ್ ಮಧ್ಯಾಹ್ನ ನಡೆಯಲ್ಲ, ಹಿಂದೆ ಇನ್ನೂ ಮೆತ್ತಗಾಗಬೇಕು, ಟೈರಿನ ಗಾಳಿ ಸ್ವಲ್ಪ ಇಳಿಯಬೇಕು. ಹಾಗಾಗಿ ಪ್ರಾಕ್ಟೀಸಿಗೆ ಬೆಳಿಗ್ಗೆ ಮಾತ್ರ ಬಿಟ್ಟು ಫೈನಲ್ ಅನ್ನು ಉರಿಬಿಸಿಲಲ್ಲಿ ಇಡೋದು ಸರಿಯಲ್ಲ. ಮಧ್ಯಾಹ್ನವೂ ಎಲ್ಲರಿಗೂ ಒಂದೊಂದು ಸುತ್ತು ಬಿಡಿ, ಇಲ್ಲವೇ ಫೈನಲ್‌ಗೆ ಮುಂಚೆ ಮತ್ತೊಮ್ಮೆ ನೀರು ಹೊಡೆಸಿ.

ಚಕ್ರವಾರು ತೂಕ ನೋಡುವ ಕಾಟಾ ಒಂದು ಸೆಟ್ ಮೈದಾನದಲ್ಲಿ ಇಟ್ಟರೆ ಹುಡುಗರಿಗೆ ದೊಡ್ಡ ಉಪಕಾರ. ಡ್ರೈವರ್ ಬಲಕ್ಕೆ ಕೂತಾಗ ಆ ಕಡೆ ಎಷ್ಟು ಭಾರ ಬಂತು ಅಂತ ಕಣ್ಣಾರೆ ಕಂಡರೆ, ಬ್ಯಾಟರಿಯನ್ನು ಎಡಕ್ಕೆ ಸರಿಸಿ ಅಂತ ಯಾರೂ ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ಅಮರಗೋಳದ ಎಪಿಎಂಸಿ ಕಡೆ ಲಾರಿ ತೂಕ ಮಾಡುವ ಯಾವುದಾದರೂ ಕಾಟಾಕ್ಕೆ ಹೋಗಿ, ಡ್ರೈವರನ್ನು ಕೂರಿಸಿಕೊಂಡೇ ಮೊದಲು ಹಿಂದಿನ ಚಕ್ರ ಎರಡು, ಆಮೇಲೆ ಎಡಗಡೆಯ ಎರಡು ಚಕ್ರ ಏರಿಸಿ ಚೀಟಿ ತಗೊಳ್ಳಿ. ಮುಂದಿನ ಸಲ ನಿಮ್ಮ ವರದಿಗಾರರು ಗೆದ್ದವನ ಹತ್ತಿರ ಆ ಚೀಟಿಯನ್ನೂ ಕೇಳಲಿ.

— ಒಬ್ಬ ಪಾಟಾ ಮೆಕ್ಯಾನಿಕ್, ಹುಬ್ಬಳ್ಳಿ